ಹಾಲು ಕಟ್ಟಕಡೇಲಿ ಯಾಕೆ?

ಸಂಪಾದಕರೇ,

ಮೊನ್ನೆ ಬರೀ ಹಾಲು, ಅರ್ಧ ಕೆಜಿ ತೊಗರಿಬೇಳೆ ತರೋಕೆ ಸೂಪರ್ ಮಾರ್ಕೆಟ್‌ಗೆ ಹೋದೆ, ಹಾಲು ಇಟ್ಟಿರೋದು ಕಟ್ಟಕಡೆ ಮೂಲೇಲಿ, ಅಲ್ಲಿಗೆ ಹೋಗಿ ಬರೋಷ್ಟರಲ್ಲಿ ಬುಟ್ಟಿ ತುಂಬಿ 640 ರೂಪಾಯಿ ಬಿಲ್! ಹೀಗೆ ಜಾಸ್ತಿ ಕೊಳ್ಳೋ ಹಾಗೆ ಸಾಮಾನು ಜೋಡಿಸೋದಕ್ಕೇ ಮರ್ಚಂಡೈಸಿಂಗ್ ಅನ್ನೋದಂತೆ. ದುಬಾರಿ ಬೇಳೆ ಕಣ್ಣೆದುರಿಗೇ ಇರತ್ತೆ, ಅಗ್ಗದ್ದು ಬೇಕಂದ್ರೆ ಕೆಳಗಿನ ರ‍್ಯಾಕಲ್ಲಿ ಬಗ್ಗಿ ಹುಡುಕ್ಬೇಕು (ನನ್ನ ಮಂಡಿನೋವಿಗೆ ಅದೊಂದು ಬಾಕಿ), ಕೌಂಟರ್ ಹತ್ರ ಮಕ್ಕಳ ಕೈಗೆಟುಕೋ ಹಾಗೆ ಚಾಕಲೇಟು. ಜೋಡಿಸೋದು ಅವರ ವ್ಯಾಪಾರ, ತಪ್ಪು ಅನ್ನಲ್ಲ. ಆದ್ರೆ ಪ್ಯಾಕೆಟ್ ಮೇಲೆ ಗ್ರಾಮ್‌ಗೆ ಅಥವಾ ಕೆಜಿಗೆ ಎಷ್ಟು ಅಂತ ಯೂನಿಟ್ ದರ ಹಾಕೋ ನಿಯಮ ಇದೆಯಲ್ಲ, ಅದು ಇರುವೆ ಗಾತ್ರದಲ್ಲಿರತ್ತೆ, ಅದನ್ನೇ ರ‍್ಯಾಕಿನ ಬೆಲೆಪಟ್ಟೀಲೂ ದಪ್ಪಕ್ಷರದಲ್ಲಿ ಹಾಕಿಸೋಕೆ ತೂಕ ಮತ್ತು ಅಳತೆ ಇಲಾಖೆಯೋರು ಮನಸ್ಸು ಮಾಡ್ಲಿ.

– ಒಬ್ಬ ಗೃಹಿಣಿ, ಮೈಸೂರು