ಅವರ ಹೆಸರು ಬಹದ್ದೂರ್ ಅಲ್ಲ

ಮಾನ್ಯ ಸಂಪಾದಕರೇ,

ಫೇಸ್‌ಬುಕ್ ಇಲ್ಲ ಅಂತ ನೇಪಾಳದ ಹುಡುಗರು ದೇಶಕ್ಕೇ ಬೆಂಕಿ ಹಚ್ಚಿದರು ಎಂದು ನಮ್ಮಲ್ಲಿ ಸುಮಾರು ಜನ ಹೇಳುತ್ತಾರೆ. ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಅದಕ್ಕೇ ಈ ಪತ್ರ.

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ನೇಪಾಳದ ಕೈಲಾಲಿ ಜಿಲ್ಲೆಯವರು. ದಿನಾ ರಾತ್ರಿ ಗೇಟ್ ಹತ್ತಿರ ಕೂತು, ಫೋನನ್ನು ನೀರಿನ ಬಾಟಲಿಗೆ ಒರಗಿಸಿಕೊಂಡು ಮಗಳ ಜೊತೆ ಮಾತಾಡುತ್ತಾರೆ. 2025ರ ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ 26 ಜಾಲತಾಣಗಳನ್ನು ಬಂದ್ ಮಾಡಿತಲ್ವಾ, ಅದರಲ್ಲಿ ವಾಟ್ಸಾಪ್ ಕೂಡ ಇತ್ತು. ಕಾಲ್ ಹೋಗದೆ, ಮತ್ತೆ ಮತ್ತೆ ಒತ್ತಿ, ಕೊನೆಗೆ ಫೋನನ್ನು ಜೇಬಿಗೆ ಹಾಕಿಕೊಂಡು ಅವರು ಸುಮ್ನೆ ರಸ್ತೆ ನೋಡುತ್ತಾ ಕೂತಿದ್ದನ್ನು ನಾನೇ ಕಂಡಿದ್ದೇನೆ. ಕತಾರ್, ಮಲೇಷ್ಯಾ, ನಮ್ಮ ಬೆಂಗಳೂರು ಅಂತ ದುಡಿಯಲು ಹೋದವರು ಕಳಿಸುವ ಹಣವೇ ನೇಪಾಳದ ಜಿಡಿಪಿಯ ಸುಮಾರು ಕಾಲು ಭಾಗದಷ್ಟಿದೆ. ಅಂಥ ದೇಶದಲ್ಲಿ ವಾಟ್ಸಾಪ್ ಮುಚ್ಚಿದರೆ ಅಪ್ಪ ಮಕ್ಕಳ ಮಾತೇ ನಿಂತಂತೆ. ಸರ್ಕಾರದ ವಿರುದ್ಧ 8ನೇ ತಾರೀಖು ಬೀದಿಗಿಳಿದವರಲ್ಲಿ ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಸಂಸತ್ತು, ಸರ್ಕಾರದ ಮುಖ್ಯ ಕಚೇರಿಯಾದ ಸಿಂಹ ದರ್ಬಾರ್ ಸುಟ್ಟಿದ್ದು ತಪ್ಪೇ. ಆದರೆ 2008ರಲ್ಲಿ ರಾಜರ ಆಳ್ವಿಕೆ ಹೋದ ಮೇಲೆ ಅಲ್ಲಿ ಒಬ್ಬ ಪ್ರಧಾನಿಯೂ ಐದು ವರ್ಷ ಮುಗಿಸಿರಲಿಲ್ಲ. 2015ರಿಂದೀಚೆಗಂತೂ ಓಲಿ, ಪ್ರಚಂಡ, ದೇವುಬಾ ಮೂವರೇ ಹೆಚ್ಚುಕಮ್ಮಿ ಸರದಿ ಮೇಲೆ ಕುರ್ಚಿ ಏರಿ ಇಳಿಯುತ್ತಿದ್ದರೆ ಹುಡುಗರಿಗೆ ಸಿಟ್ಟು ಬರದೆ ಇರುತ್ತಾ?

ಇನ್ನೊಂದು ಮಾತು. ನೇಪಾಳದವರು ಅಂದರೆ ಸಾಕು, ಎಲ್ಲರನ್ನೂ ಗೂರ್ಖಾ, ಬಹದ್ದೂರ್ ಅಂತ ಕರೆದುಬಿಡುತ್ತೇವೆ. ನಮ್ಮ ವಾಚ್‌ಮನ್ ಥಾರು ಜನಾಂಗದವರು. ಮನೆಯವರ ಜೊತೆ ಥಾರು, ಪಕ್ಕದ ಬಿಲ್ಡಿಂಗಿನ ವಾಚ್‌ಮನ್ ಜೊತೆ ನೇಪಾಳಿ, ನಮ್ಮ ಜೊತೆ ಕನ್ನಡ ಮಾತಾಡುತ್ತಾರೆ. 2021ರ ಜನಗಣತಿ ಪ್ರಕಾರ ಅಲ್ಲಿ 142 ಜಾತಿ, ಜನಾಂಗಗಳಿವೆ, 124 ಭಾಷೆಗಳಿವೆ. ನೇಪಾಳಿ ಮನೆಮಾತಿನವರು ಅರ್ಧಕ್ಕಿಂತ ಕಡಿಮೆ. ಅಧಿಕಾರ ಮಾತ್ರ ಬಹುಕಾಲ ಬೆಟ್ಟದ ಕಡೆಯ ಬಾಹುನ್ (ಬ್ರಾಹ್ಮಣ), ಛೇತ್ರಿ (ಕ್ಷತ್ರಿಯ) ಜನರ ಕೈಯಲ್ಲೇ ಉಳಿದಿತ್ತು. 2015ರಲ್ಲಿ ಹೊಸ ಸಂವಿಧಾನ ಬಂದಾಗ ಭಾರತದ ಗಡಿಗೆ ತಾಗಿದ ತರಾಯಿ ಬಯಲಿನ ಮಧೇಶಿ, ಥಾರು ಜನ ಪ್ರಾಂತ್ಯಗಳ ಗಡಿ ಒಪ್ಪದೆ ತಿಂಗಳುಗಟ್ಟಲೆ ಹೋರಾಡಿದರು, 40ಕ್ಕೂ ಜಾಸ್ತಿ ಜನ ಜೀವ ಕಳೆದುಕೊಂಡರು. ಥಾರುಗಳು ತಮ್ಮದೇ ಪ್ರಾಂತ್ಯ ಕೇಳಿದ್ದರು. ಆದರೆ ಬಯಲಿನ ಕೈಲಾಲಿಯನ್ನು ಬೆಟ್ಟದ ಜಿಲ್ಲೆಗಳ ಜೊತೆ ಸೇರಿಸಿಬಿಟ್ಟರು.

ನೇಪಾಳದ ಬಗ್ಗೆ ಬರೆಯುವಾಗ ಕಠ್ಮಂಡು ಒಂದನ್ನೇ ನೋಡಬೇಡಿ. ಕೈಲಾಲಿ, ಮಧೇಶಿಗಳ ಊರಾದ ಜನಕಪುರದ ಜನ ಏನು ಕೇಳುತ್ತಿದ್ದಾರೆ ಅನ್ನೋದನ್ನೂ ದಯವಿಟ್ಟು ಬರೆಯಿರಿ. ನಮ್ಮ ವಾಚ್‌ಮನ್‌ಗೆ ಕನ್ನಡ ಓದಲು ಬರುವುದಿಲ್ಲ, ನಾನು ಓದಿ ಹೇಳುತ್ತೇನೆ.

ಇತಿ,
ನಿಮ್ಮ ಓದುಗ, ಬೆಂಗಳೂರು