ಪಾಂಪೈ ಪೆಟ್ಟಿಗೆಗಳು ಊರು ಸೇರಿದವು, ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು

ಇಲ್ಲಿ ಇಂಗ್ಲೆಂಡಿನ ನಮ್ಮ ಮ್ಯೂಸಿಯಂನಲ್ಲಿ ನಡೆದ, ಪ್ರಾಚೀನ ರೋಮನ್ ನಗರ ಪಾಂಪೈಯ ವಸ್ತುಗಳ ಪ್ರದರ್ಶನ ಮುಗಿಯಿತು. ಕಡೆಯ ಪೆಟ್ಟಿಗೆಯೂ ಇಟಲಿಯ ನೇಪಲ್ಸ್ ತಲುಪಿದೆ ಎಂದು ಮೊನ್ನೆ ಮೇಲ್ ಬಂತು. ಎಲ್ಲೂ ಬಿರುಕಿಲ್ಲ, ಚಕ್ಕೆ ಎದ್ದಿಲ್ಲ. ಕಡ ತಂದ ವಸ್ತು ತಂದ ಹಾಗೆಯೇ ವಾಪಸ್ ಮುಟ್ಟುವವರೆಗೆ ಪ್ರದರ್ಶನದ ಹೊಣೆ ಹೊತ್ತ ಕ್ಯುರೇಟರ್ ಆದವಳಿಗೆ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಈಗ ಹತ್ತುತ್ತಿದೆ.

ಅಭಿನಂದನೆಗಳೆಲ್ಲ ನನಗೇ ಬಂದವು. ಉದ್ಘಾಟನೆಯ ದಿನ ಮಾತಾಡಿದ್ದು ನಾನು, ಗೋಡೆಯ ಮೇಲೆ ಇದ್ದದ್ದು ನನ್ನ ಹೆಸರು. ಮೈಮುರಿದು ದುಡಿದವರು ಬೇರೆಯವರು. ಅವರಲ್ಲಿ ಬಹಳ ಜನ "ನಮ್ಮ ಹೆಸರು ಹಾಕಬೇಡ ಮಾರಾಯ್ತಿ" ಅನ್ನುವ ಸ್ವಭಾವದವರು. ಆದ್ದರಿಂದ ಹೆಸರು ಬಿಟ್ಟು ಅವರ ಕೆಲಸವನ್ನಾದರೂ ಹೇಳುತ್ತೇನೆ.

ಮೊದಲ ನಮಸ್ಕಾರ ನೇಪಲ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನವರಿಗೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಹೂತುಹಾಕಿದ ಪಾಂಪೈಯನ್ನು 1748ರಲ್ಲಿ ಅಗೆಸಲು ಶುರುಮಾಡಿದ್ದು ಅಲ್ಲಿನ ಬೂರ್ಬನ್ ವಂಶದ ದೊರೆ. ಸಿಕ್ಕ ವರ್ಣಚಿತ್ರಗಳನ್ನು ಗೋಡೆಯಿಂದ ಕೊಯ್ದು ಅರಮನೆಗೆ ಸಾಗಿಸುತ್ತಿದ್ದರು. ಅಗೆಯುತ್ತಿರುವುದು ಯಾವ ಊರನ್ನು ಎಂಬುದೇ 1763ರಲ್ಲಿ ಶಾಸನವೊಂದು ಸಿಗುವ ತನಕ ಖಚಿತವಿರಲಿಲ್ಲ. ಹಾಗೆ ಕೂಡಿದ ದೊರೆಯ ಸಂಗ್ರಹವೇ ಇಂದು ಆ ಮ್ಯೂಸಿಯಂನ ಬಂಡವಾಳ. ಅದರಲ್ಲಿ ಒಂದಿಷ್ಟನ್ನು ನಂಬಿ ನಮ್ಮ ಕೈಗೆ ಕೊಟ್ಟರಲ್ಲ, ಅದು ಸಣ್ಣ ಮಾತಲ್ಲ.

ಪೆಟ್ಟಿಗೆಗಳ ಜೊತೆ ಅಲ್ಲಿಂದ ಬಂದ ಸಹೋದ್ಯೋಗಿಗೆ ವಿಶೇಷ ಧನ್ಯವಾದ. ಇಂಥ ವಸ್ತುಗಳು ಒಂಟಿಯಾಗಿ ಪ್ರಯಾಣ ಮಾಡುವುದಿಲ್ಲ. ಕೊಟ್ಟ ಮ್ಯೂಸಿಯಂನವರೊಬ್ಬರು ಲಾರಿಯ ಜೊತೆಯಲ್ಲೇ ಬರುತ್ತಾರೆ. ಬಂದ ಮೇಲೂ ಪೆಟ್ಟಿಗೆ ತೆರೆಯುವಂತಿಲ್ಲ. ಹೊಸ ಜಾಗದ ಶಾಖ, ತೇವಕ್ಕೆ ಒಗ್ಗಲಿ ಎಂದು 24 ಗಂಟೆ ಮುಚ್ಚಿಯೇ ಇಡಬೇಕು. ನಮ್ಮ ಹುಡುಗರು ಸ್ಕ್ರೂಡ್ರೈವರ್ ಹಿಡಿದು ಸುಳಿದಾಡುತ್ತಿದ್ದರೆ ಈಕೆ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು "ದೊಮಾನಿ, ದೊಮಾನಿ" ಅನ್ನುತ್ತಿದ್ದಳು. ನಾಳೆ, ನಾಳೆ! ತೆರೆದ ಮೇಲೆ ಟಾರ್ಚ್ ಹಿಡಿದು, ಹಳೆಯ ಫೋಟೊಗಳ ಜೊತೆ ಒಂದೊಂದು ಗೀರನ್ನೂ ಹೋಲಿಸಿ ಸಹಿ ಹಾಕಿದಳು. ಹೋಗುವಾಗ ಇದೆಲ್ಲ ಮತ್ತೊಮ್ಮೆ. ಬಸವನಗುಡಿಯ ಒಡವೆ ಅಂಗಡಿಯಲ್ಲಿ ಕೂಡ ಇಷ್ಟು ತಪಾಸಣೆ ನೋಡಿಲ್ಲ ನಾನು.

ಹಳೆಯ ವಸ್ತುಗಳು ಕೆಡದಂತೆ ಕಾಪಾಡುವ ನಮ್ಮ ಕನ್ಸರ್ವೇಟರ್‌ಗೆ ಏನು ಹೇಳಲಿ? ಮಣ್ಣಿನಡಿ ಶತಮಾನಗಟ್ಟಲೆ ಇದ್ದ ಕಂಚಿನೊಳಗೆ ಕ್ಲೋರೈಡ್ ಉಪ್ಪು ಸೇರಿಕೊಂಡಿರುತ್ತದೆ. ಗಾಳಿಯ ತೇವ ಏರಿತೆಂದರೆ ಅದು ಎಚ್ಚೆತ್ತು, ತಿಳಿ ಹಸಿರು ಪುಡಿಯಾಗಿ ಉದುರುತ್ತಾ ಲೋಹವನ್ನು ತಿನ್ನತೊಡಗುತ್ತದೆ. ಕಂಚಿನ ರೋಗ ಎಂದೇ ಅದರ ಹೆಸರು. ಉದ್ಘಾಟನೆ ಹತ್ತಿರವಿದ್ದಾಗ ಹಾಲ್‌ನ ತೇವ ನಿಯಂತ್ರಿಸುವ ಯಂತ್ರ ಕೈಕೊಟ್ಟಿತು, ಹೊರಗೆ ಜಡಿಮಳೆ. ಈ ಮನುಷ್ಯ ಗಾಬರಿಯಾಗಲಿಲ್ಲ. ಸ್ಟೋರಿನಲ್ಲಿದ್ದ, ತೇವ ಹೀರುವ ಸಿಲಿಕಾ ಜೆಲ್ ಎಲ್ಲ ಒಣಗಿಸಿ, ಕಂಚಿನ ದೀಪ, ಹೂಜಿಗಳಿದ್ದ ಗಾಜಿನ ಪೆಟ್ಟಿಗೆಗಳ ತಳಕ್ಕೆ ತುಂಬಿ, ರಾತ್ರಿಯೆಲ್ಲ ರೀಡಿಂಗ್ ನೋಡುತ್ತಾ ಕೂತರು. ಬೆಳಗ್ಗೆ ನಾನು ಬರುವ ಹೊತ್ತಿಗೆ ಒಳಗಿನ ತೇವ ಹತೋಟಿಗೆ ಬಂದಿತ್ತು. ಅವರ ಹೆಂಡತಿ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ಮಾತ್ರ ಹಾಗೇ ಉಳಿದಿತ್ತು. ಆಕೆಗೂ ಕ್ಷಮೆ ಬೆರೆಸಿದ ಧನ್ಯವಾದ.

ವಸ್ತುಗಳನ್ನು ಹಿಡಿದು ನಿಲ್ಲಿಸುವ ಹಿತ್ತಾಳೆಯ ಸಣ್ಣ ಕೊಕ್ಕೆಗಳನ್ನು ಬಗ್ಗಿಸಿ, ಬಣ್ಣ ಹಚ್ಚಿ, ನೋಡುವವರ ಕಣ್ಣಿಗೆ ಬೀಳದ ಹಾಗೆ ಕೂರಿಸಿದವರಿದ್ದಾರೆ. ದೀಪದ ಬೆಳಕನ್ನು ಚಿತ್ರಗಳಿಗೆ ಬೇಕಾದಷ್ಟು ತಗ್ಗಿಸಿದವರಿದ್ದಾರೆ. "ಕತ್ತಲು ಜಾಸ್ತಿ" ಎಂಬ ದೂರುಗಳನ್ನು ದಿನವೂ ನಗುನಗುತ್ತಾ ಕೇಳಿದ ಕೌಂಟರಿನವರಿದ್ದಾರೆ. ಎಲ್ಲರಿಗೂ ಶರಣು.

ಇನ್ನು ನಮ್ಮ ರಾತ್ರಿ ಪಾಳಿಯ ಗಾರ್ಡ್. ಪ್ರದರ್ಶನದಲ್ಲಿ ಜನ ಅತಿ ಹೆಚ್ಚು ಹೊತ್ತು ನಿಂತದ್ದು ಚಿನ್ನದ ಮುಂದಲ್ಲ, ಇದ್ದಿಲಾದ ಒಂದು ಬ್ರೆಡ್ಡಿನ ಮುಂದೆ. ಪಾಂಪೈಯ ನೆರೆಯೂರು ಹರ್ಕ್ಯುಲೇನಿಯಂನಲ್ಲಿ ಸಿಕ್ಕಿದ್ದು. ದುಂಡಗಿದೆ, ಮುರಿದುಕೊಳ್ಳಲು ಗೆರೆ ಕೊರೆದಿದೆ, ಪಕ್ಕದಲ್ಲಿ ಒಂದು ಮುದ್ರೆ: ಕ್ವಿಂಟಸ್ ಗ್ರಾನಿಯಸ್ ವೇರಸ್‌ನ ಗುಲಾಮ ಸೆಲೆರ್‌ನದು. ಅದರ ವಿವರಣೆಯ ಫಲಕಕ್ಕೆ ನಾನು ಬರೆದ ಮೊದಲ ಕರಡಿನಲ್ಲಿ ಹಿಟ್ಟು, ಒಲೆ, ಕಾದ ಬೂದಿಯ ಶಾಖದ ವಿವರವೇ ತುಂಬಿತ್ತು. ಗಾರ್ಡ್ ಅದನ್ನು ಓದಿ, "ಮೇಡಂ, ಒಲೆ ಇರಲಿ, ಈ ಸೆಲೆರ್ ಯಾರು? ಒಡೆಯನ ಹೆಸರಿನ ಜೊತೆ ಇವನ ಹೆಸರೂ ಯಾಕೆ?" ಅಂದರು. ಆ ಪ್ರಶ್ನೆಯಿಂದಲೇ ಫಲಕ ಹೊಸದಾಗಿ ಶುರುವಾಯಿತು. ಫಲಕವನ್ನು ಒಂದು ಗೇಣು ಕೆಳಗಿಳಿಸಿ, ಮಕ್ಕಳಿಗೂ ಗಾಲಿಕುರ್ಚಿಯವರಿಗೂ ಓದಲು ಬರುವ ಹಾಗೆ ಮಾಡಿಸಿದ್ದೂ ಅವರೇ. ಮುಂದಿನ ಪ್ರದರ್ಶನದ ಫಲಕಗಳೂ ಅಚ್ಚಿಗೆ ಹೋಗುವ ಮುಂಚೆ ಅವರ ಕೈಗೇ ಹೋಗುತ್ತವೆ, ಇದನ್ನು ನಾನು ಬರೆದು ಕೊಟ್ಟಿದ್ದೇನೆ.

ಇದೇ ಬ್ರೆಡ್ಡಿನ ಫೋಟೊ ಕಳಿಸಿದ್ದಕ್ಕೆ ಅಮ್ಮ ಫೋನಿನಲ್ಲಿ, "ಸುಟ್ಟು ಕರಕಲಾಗಿರೋದನ್ನ ನೋಡೋಕೆ ಟಿಕೆಟ್ ಬೇರೆ ಇಟ್ಟಿದೀರೇನೇ?" ಅಂದಳು. ಅಮ್ಮಾ, ಟಿಕೆಟ್ ಇಟ್ಟಿದ್ದೆವು, ಜನ ಸಾಲುಗಟ್ಟಿ ಬಂದರು. ನನ್ನ ಮಗಳ ಪರೀಕ್ಷೆಯ ಹೊತ್ತಲ್ಲಿ ಇಲ್ಲಿಗೆ ಬಂದು ಮನೆ ನೋಡಿಕೊಂಡಿದ್ದಕ್ಕೆ ನಿನಗೆ ಏನು ಕೊಟ್ಟರೂ ಕಡಿಮೆಯೇ.

ಚಿತ್ರದುರ್ಗದ ನಮ್ಮ ಹೈಸ್ಕೂಲಿನ ಸಮಾಜ ಪಾಠದ ಮೇಷ್ಟ್ರನ್ನು ನೆನೆಯದೆ ಹೇಗೆ ಮುಂದೆ ಹೋಗಲಿ! ಚಂದ್ರವಳ್ಳಿಯಲ್ಲಿ ಅಗೆದಾಗ ರೋಮ್‌ನ ಅಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯ ಸಿಕ್ಕವು ಎಂದು ಅವರು ಹೇಳಿದಾಗ ನಾವು ನಂಬಿರಲಿಲ್ಲ. ನಮ್ಮ ಕೆರೆ ದಂಡೆಗೂ ರೋಮಿಗೂ ಏನು ಸಂಬಂಧ? ಪ್ರತಿ ವರ್ಷ ಐದು ಕೋಟಿ ಸೆಸ್ಟರ್ಸ್ ಹಣವನ್ನು ಭಾರತ ಹೀರಿಕೊಳ್ಳುತ್ತಿದೆ ಎಂದು ಗೊಣಗಿದ ರೋಮನ್ ಲೇಖಕ ಹಿರಿಯ ಪ್ಲಿನಿ, ವೆಸೂವಿಯಸ್ ಸಿಡಿದಾಗ ಹಡಗು ತೆಗೆದುಕೊಂಡು ಹೋಗಿ ಅಲ್ಲೇ ಸತ್ತವನು. ನಮ್ಮ ಕಡೆಯ ಕರಿಮೆಣಸಿಗೆ ರೋಮನ್ನರು ಸುರಿದ ದುಡ್ಡಿನ ಬಗ್ಗೆ ಅವನಿಗಿದ್ದ ಸಿಟ್ಟನ್ನು ಓದಿದಾಗಲೆಲ್ಲ ಮೇಷ್ಟ್ರ ದನಿಯೇ ಕೇಳಿಸುತ್ತದೆ.

ಇಲ್ಲಿನ ಕನ್ನಡ ಬಳಗದ ಗೆಳೆಯರಿಗೂ ಧನ್ಯವಾದ. ಸ್ವಯಂಸೇವಕರಾಗಿ ನಿಂತಿರಿ, ಮಕ್ಕಳಿಗೆ ಕನ್ನಡದಲ್ಲಿ ವಿವರಿಸಿದಿರಿ. ನೀವೆಲ್ಲ ಒಂದೇ ಪ್ರಶ್ನೆ ಕೇಳಿದಿರಿ: "ಪಾಂಪೈ ಲಕ್ಷ್ಮಿ ಎಲ್ಲಿ?" ಅವಳು ಬರಲಿಲ್ಲ. 1938ರಲ್ಲಿ ಪಾಂಪೈಯ ಮನೆಯೊಂದರಲ್ಲಿ ಸಿಕ್ಕ, ಸುಮಾರು 25 ಸೆಂ.ಮೀ. ಎತ್ತರದ ದಂತದ ಬೊಂಬೆ ಅದು. ತಲೆಯಲ್ಲಿ ತೂತಿದೆ, ಕನ್ನಡಿಯ ಹಿಡಿಯೋ ಪೀಠೋಪಕರಣದ ಕಾಲೋ ಆಗಿದ್ದಿರಬೇಕು. ಅದರ ಬಂಧುಗಳಂಥ ಬೊಂಬೆಗಳು ಮಹಾರಾಷ್ಟ್ರದ ತೇರ್, ಭೋಕರದನ್‌ಗಳಲ್ಲಿ ಸಿಕ್ಕಿವೆ. ಲಕ್ಷ್ಮಿಗಿಂತ ಯಕ್ಷಿ ಎನ್ನುವುದೇ ಸರಿ ಎಂದು ವಿದ್ವಾಂಸರಲ್ಲಿ ಬಹಳ ಮಂದಿಯ ಮಾತು, ನನ್ನದೂ ಅದೇ. ಅವಳನ್ನು ನೋಡಲೇಬೇಕೆನ್ನುವವರು ನೇಪಲ್ಸಿಗೇ ಹೋಗಿ. ಮಂಗಳವಾರ ಮಾತ್ರ ಬೇಡ, ಅವತ್ತು ಮ್ಯೂಸಿಯಂಗೆ ರಜೆ.