ಎಂಜಿನ್ನಿನ ಲಿಂಕು, ಅವ್ವನ ಭುಜ

ಭೋಸರಿ, ಪುಣೆ
ಶ್ರಾವಣದ ಎರಡನೆಯ ಭಾನುವಾರ

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅವ್ವನಿಗೂ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ಅವ್ವನ ಸಕ್ಕರೆ, ನಿಮ್ಮ ಮೊಣಕಾಲು, ಅಜ್ಜಿಯ ಕೆಮ್ಮು ಎಲ್ಲದರ ವರದಿಯನ್ನು ತಂಗಿ ವಾರಕ್ಕೊಮ್ಮೆ ತಪ್ಪದೆ ಒಪ್ಪಿಸುತ್ತಾಳೆ. ಫೋನಿರುವಾಗ ಈ ಪತ್ರವೇಕೆ ಎಂದು ನೀವು ಕೇಳಬಹುದು. ಫೋನಿನಲ್ಲಿ ನಾನು ಏನು ಹೇಳಿದರೂ ನೀವು "ಹಾಂ, ಹಾಂ" ಎನ್ನುತ್ತೀರಿ. ಇಟ್ಟ ಮೇಲೆ ತಂಗಿಯನ್ನು ಏನಂದ ಎಂದು ಕೇಳುತ್ತೀರಂತೆ. ಮೂವತ್ತೆಂಟು ವರ್ಷ ರೇಲ್ವೆ ವರ್ಕ್‌ಶಾಪಿನ ಸುತ್ತಿಗೆಯ ಸದ್ದು ತಿಂದ ಕಿವಿ, ಅದರ ತಪ್ಪೇನೂ ಇಲ್ಲ. ಮೇಲಾಗಿ ಇದು ಚಿತ್ರ ಬರೆದು ಹೇಳಬೇಕಾದ ಸಂಗತಿ. ಒಂದು ಹಾಳೆಯನ್ನು ಮಡಚಿ ಇಟ್ಟಿದ್ದೇನೆ, ಓದುವಾಗ ಪಕ್ಕದಲ್ಲಿರಲಿ.

ಅಜ್ಜಿಗೆ ಹೇಳಿ, ಪರದೇಶದಲ್ಲಿ ಮೊಮ್ಮಗ ಉಪವಾಸವಿಲ್ಲ. ಅವಳ ಲೆಕ್ಕದಲ್ಲಿ ನಿಪ್ಪಾಣಿ ದಾಟಿದರೆ ಪರದೇಶವೇ. ನಮ್ಮ ಶೆಡ್ಡಿನ ಹಿಂದಿನ ಓಣಿಯಲ್ಲಿ ಇಂಡಿ ಕಡೆಯ ಒಬ್ಬ ಅಕ್ಕ ಖಾನಾವಳಿ ನಡೆಸುತ್ತಾರೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮರಾಠಿಯಲ್ಲಿ ಬಿಲ್ಲು ಕೂಡಿಸುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ.

ಹೋದ ಯುಗಾದಿಗೆ ಬಂದಾಗ ನಾನು ಈಗ ಏನು ಮಾಡುತ್ತಿದ್ದೇನೆ ಎಂದು ಕೇಳಿದಿರಿ. ವ್ಯಾಯಾಮದ ಯಂತ್ರ ಎಂದೆ. "ದುಡ್ಡು ಕೊಟ್ಟು ನಿಂತಲ್ಲೇ ನಡೆಯುವುದೇ?" ಎಂದು ನಕ್ಕು ಎದ್ದುಹೋದಿರಿ. ಆ ನಗುವಿಗೆ ಉತ್ತರ ಕೊಡಲು ಇಷ್ಟು ತಿಂಗಳು ಹಿಡಿಯಿತು.

ಈ ಯಂತ್ರಕ್ಕೆ ಎಲಿಪ್ಟಿಕಲ್ ಎನ್ನುತ್ತಾರೆ. ಅಮೆರಿಕದ ಪ್ರಿಕೋರ್ ಕಂಪನಿ 1995ರಲ್ಲಿ ತಂದ ಮೇಲೆ ಜಿಮ್ಮುಗಳಲ್ಲಿ ಇದು ಮಾಮೂಲಾಯಿತು. ಪಾದ ಹಲಗೆಯನ್ನು ಬಿಟ್ಟು ಮೇಲೇಳುವುದೇ ಇಲ್ಲ, ಹಾಗಾಗಿ ಓಡುವಾಗ ಮಂಡಿಗೆ ಬೀಳುವ ಪೆಟ್ಟು ಇಲ್ಲಿಲ್ಲ. ಒಳಗಿನ ವ್ಯವಸ್ಥೆ ನಿಮಗೆ ಹೊಸದೇನಲ್ಲ. ಹಿಂದೆ ಸುತ್ತುವ ಒಂದು ತೋಳು, ಅಂದರೆ ಕ್ರ್ಯಾಂಕು, ಮುಂದೆ ಗಡಿಯಾರದ ಲೋಲಕದಂತೆ ಇಳಿಬಿಟ್ಟ ಒಂದು ತೋಳು, ಎರಡನ್ನೂ ಕೂಡಿಸುವ ಉದ್ದನೆಯ ಪಟ್ಟಿ. ಪಟ್ಟಿಯ ಹಿಂದಿನ ತುದಿ ವೃತ್ತ ಸುತ್ತುತ್ತದೆ, ಮುಂದಿನ ತುದಿ ಬರೀ ಹೋಗಿಬರುತ್ತದೆ. ನಡುವೆ ಪಾದ ಇಡುವ ಜಾಗ ಒತ್ತಿ ಚಪ್ಪಟೆ ಮಾಡಿದ ಬಳೆಯಂಥ ದಾರಿ ಹಿಡಿಯುತ್ತದೆ. ನಿಮ್ಮ ಉಗಿ ಎಂಜಿನ್ನಿನ ಕನೆಕ್ಟಿಂಗ್ ರಾಡು ನೆನಪಿಸಿಕೊಳ್ಳಿ: ಒಂದು ತುದಿ ಗಾಲಿಯ ಪಿನ್ನಿಗೆ, ಇನ್ನೊಂದು ಹಿಂದೆ ಮುಂದೆ ಜಾರುವ ಕ್ರಾಸ್‌ಹೆಡ್ಡಿಗೆ. ಅದರ ನಡುಮಧ್ಯಕ್ಕೆ ಸೀಮೆಸುಣ್ಣ ಕಟ್ಟಿ ಪಕ್ಕದಲ್ಲಿ ಹಲಗೆ ಹಿಡಿದಿದ್ದರೆ ಇದೇ ಆಕಾರ ಮೂಡುತ್ತಿತ್ತು. ನೀವು ಇಷ್ಟು ವರ್ಷ ಉಜ್ಜಿ ಎಣ್ಣೆ ಹಾಕಿದ ರಾಡಿನ ಮೇಲೆ ಇಲ್ಲಿಯ ಜನ ನಿಂತುಕೊಂಡು ತೂಕ ಇಳಿಸಿಕೊಳ್ಳುತ್ತಾರೆ, ಅಷ್ಟೇ.

ಕಾಲಿನ ಭಾಗ ಹೆಚ್ಚು ಸತಾಯಿಸಲಿಲ್ಲ. ಕ್ರ್ಯಾಂಕು 23 ಸೆಂ.ಮೀ., ಆದ್ದರಿಂದ ಹೆಜ್ಜೆ 46 ಸೆಂ.ಮೀ., ಹದಿನೆಂಟು ಇಂಚು. ಪಾದದ ಹಲಗೆಯನ್ನು ಮುಂದಿನ ತುದಿಯಿಂದ ಮೂರನೇ ಒಂದು ಭಾಗದಲ್ಲಿ ಕೂರಿಸಿದರೆ ಏರಿಳಿತ ಹದಿನೈದು ಸೆಂ.ಮೀ. ಸುಮಾರಿಗೆ ಬರುತ್ತದೆ. ಗೋಳೆಲ್ಲ ಕೈಯದು.

ಅಗ್ಗದ ಯಂತ್ರಗಳಲ್ಲಿ ಆ ಮುಂದಿನ ತೋಳನ್ನೇ ಕೀಲಿನ ಮೇಲಕ್ಕೆ ಬೆಳೆಸಿ ಹಿಡಿಕೆ ಮಾಡಿರುತ್ತಾರೆ. ಕೆಳಗೆ ಕಾಲು ಮುಂದೆ ಹೋದರೆ ಮೇಲೆ ಕೈ ಹಿಂದೆ ಬರುತ್ತದೆ. ನಾವು ನಡೆಯುವುದೂ ಹಾಗೆಯೇ, ಎಡಗಾಲು ಮುಂದಾದಾಗ ಎಡಗೈ ಹಿಂದೆ. ಆದರೆ ಕೈ ಎಷ್ಟು ದೂರ ಹೋಗಬೇಕೆಂಬುದನ್ನು ಕಬ್ಬಿಣ ಒಂದೇ ಸಲಕ್ಕೆ ತೀರ್ಮಾನಿಸಿಬಿಟ್ಟಿರುತ್ತದೆ. ಆರಡಿಯವನಿಗೂ ಅಷ್ಟೇ, ನಮ್ಮ ಅವ್ವನಂಥ ಗಿಡ್ಡ ಆಳಿಗೂ ಅಷ್ಟೇ. ಫಿಸಿಯೊಥೆರಪಿಯ ಮೇಡಂ ಒಬ್ಬರು ನಮ್ಮ ಮೊದಲ ಮಾದರಿಯನ್ನು ನೋಡಲು ಬಂದಿದ್ದರು. ಐದು ನಿಮಿಷ ಹತ್ತಿ ಇಳಿದು ಹೇಳಿದರು: "ಕಾಲಿನ ಸ್ನಾಯು ದೊಡ್ಡದು. ಅದು ಭುಜವನ್ನು ಕೇಳುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಭುಜ ಹಿಡಿದಿರುವವರನ್ನು ಇದರ ಮೇಲೆ ನಾನು ಹತ್ತಿಸುವುದಿಲ್ಲ." ಸಕ್ಕರೆ ಕಾಯಿಲೆಯವರಲ್ಲಿ ಭುಜ ಹೀಗೆ ಬಿಗಿಯುವುದು ಹೆಚ್ಚು ಎಂದೂ ಹೇಳಿದರು. ನನಗೆ ಅಟ್ಟದ ಮೇಲಿನ ಹಪ್ಪಳದ ಡಬ್ಬಿಗೆ ಅವ್ವ ಎಡಗೈ ಚಾಚುತ್ತಿದ್ದದ್ದು ಕಣ್ಣ ಮುಂದೆ ಬಂತು. ಅವಳು ಎಡಚಿ ಅಲ್ಲವಲ್ಲ, ಎಡಗೈ ಯಾಕೆ ಎಂದು ಯುಗಾದಿಯಲ್ಲಿ ನಾನು ಕೇಳಲೂ ಇಲ್ಲ.

ಸರಿ, ಕೈಯ ಓಡಾಟವನ್ನು ಹೆಚ್ಚುಕಡಿಮೆ ಮಾಡುವಂತಿರಬೇಕು, ಅದೂ ಬಲ ಎಡ ಬೇರೆ ಬೇರೆ. ಬೇರೆ ಬೇರೆ ಎಂಬುದು ನನಗೆ ಹೊಳೆದದ್ದು ಜ್ಯೇಷ್ಠದಲ್ಲಿ. ದೇಹೂವಿನ ಪಾಲಖಿ, ಅಂದರೆ ಸಂತ ತುಕಾರಾಮರ ಪಲ್ಲಕ್ಕಿ, ಆಕುರ್ಡಿ, ಪಿಂಪ್ರಿ ಮಾರ್ಗವಾಗಿ ಪುಣೆಗೆ ಹೋಗುವ ದಿನ ರಸ್ತೆ ಬಂದಾಗಿ ಅರ್ಧ ದಿನ ಕೆಲಸ ನಿಂತಿತ್ತು. ದಾರಿಯ ಬದಿ ನಿಂತು ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳ ಕೈಗಳನ್ನೇ ನೋಡಿದೆ. ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಒಬ್ಬ ಮುದುಕಿ. ಒಂದು ಕೈ ಮೇಲೆ, ಅಲುಗಾಟವೇ ಇಲ್ಲ. ಇನ್ನೊಂದು ಕೈ ಬೀಸಿ ಬೀಸಿ ಹೋಗುತ್ತಿತ್ತು. ನಡಿಗೆ ಎಲ್ಲಿಯೂ ಮುಕ್ಕಾಗಿರಲಿಲ್ಲ. ಪಾಂಡುರಂಗನಿಗೆ ಕೈ ಮುಗಿಯುವುದನ್ನು ಮರೆತೆ, ಅವ್ವ ಬೈಯಬಾರದು.

ಮಾಡುವುದು ಹೇಗೆ? ಮೊದಲು ಹಿಡಿಕೆಯನ್ನು ಕೊಳವೆಯೊಳಗೆ ಕೊಳವೆ ಮಾಡಿ ಉದ್ದ ಗಿಡ್ಡ ಮಾಡಿದೆವು. ಓಡಾಟವೇನೋ ಕಡಿಮೆಯಾಯಿತು, ಆದರೆ ಹಿಡಿಕೆ ಸೊಂಟಕ್ಕೆ ಇಳಿಯಿತು. ಬಗ್ಗಿಕೊಂಡು ಕಸ ಗುಡಿಸುವ ಭಂಗಿ. ಆಮೇಲೆ ಕೈಗೊಂದು ಪ್ರತ್ಯೇಕ ಲಿವರ್ ಹಾಕಿ, ಮುಂದಿನ ತೋಳಿನಲ್ಲಿ ಸಾಲಾಗಿ ತೂತು ಕೊರೆದು, ಎರಡನ್ನೂ ಒಂದು ರಾಡಿನಿಂದ ಜೋಡಿಸಿ, ಸ್ಪ್ರಿಂಗ್ ಪಿನ್ನು ಹಾಕಿದೆವು. ಒಂದು ವಾರಕ್ಕೆ ತೂತುಗಳು ಸಡಿಲಾಗಿ ಹೆಜ್ಜೆಗೊಮ್ಮೆ ಟಕ್ ಎಂದವು. ತೂತು ಬದಲಿಸಿದಾಗಲೆಲ್ಲ ಹಿಡಿಕೆಯ ನಡುಸ್ಥಾನವೂ ಮೂರು ಸೆಂ.ಮೀ. ಸರಿಯುತ್ತಿತ್ತು. ಓಡಾಟ ಕಡಿಮೆ ಮಾಡಿಕೊಂಡವನಿಗೆ ಹಿಡಿಕೆ ದೂರವಾಗುತ್ತಿತ್ತು, ಬೇಕಾದದ್ದಕ್ಕೆ ಸರಿಯಾಗಿ ಉಲ್ಟಾ. ಮಾಲೀಕರು ಇಷ್ಟಕ್ಕೇ ಬಿಡೋಣ, ಬಣ್ಣ ಹಚ್ಚಿ ಕಳಿಸೋಣ ಎಂದರು.

ಆ ರಾತ್ರಿ ಕಂಪ್ಯೂಟರಿನಲ್ಲಿ ಆ ತೋಳನ್ನು ಆಡಿಸುತ್ತ ಕುಳಿತಿದ್ದೆ. ತೂತು ಕೀಲಿಗೆ ಹತ್ತಿರವಾದಷ್ಟೂ ಓಡಾಟ ಕಡಿಮೆ. ಸರಿಯಾಗಿ ಕೀಲಿನ ಮೇಲೆಯೇ ಬಂದರೆ ತೋಳು ತೂಗುತ್ತದೆ, ರಾಡು ಮಿಸುಕುವುದಿಲ್ಲ. ಇದನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಎಲ್ಲಿ ಎಂದು ಗೊತ್ತಾದಾಗ ರಾತ್ರಿ ಒಂದೂವರೆ, ಇಲ್ಲದಿದ್ದರೆ ಅಲ್ಲೇ ನಿಮಗೆ ಫೋನು ಮಾಡುತ್ತಿದ್ದೆ.

ನಮ್ಮ ರೇಲ್ವೆ ಕ್ವಾರ್ಟರ್ಸಿನ ಪಡಸಾಲೆ, ಕರೆಂಟು ಹೋಗಿತ್ತು. ನಾನು ಮೂರನೆಯ ಇಯತ್ತೆ. ಕಂದೀಲಿನ ಬೆಳಕಿನಲ್ಲಿ ನೀವು ಕಡಪಾ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ಬಾಳೆಹಣ್ಣು ಬರೆದಿರಿ, ಅದರ ಹೊಟ್ಟೆಯೊಳಗೆ ಒಂದು ಚೌಕ. "ಇದು ಲಿಂಕು, ಇದು ಡೈ ಬ್ಲಾಕು. ಬ್ಲಾಕು ಕೆಳಗಿದ್ದರೆ ಗಾಡಿ ಮುಂದೆ, ಮೇಲಿದ್ದರೆ ಹಿಂದೆ. ನಡುವೆ ಬಂದರೆ ಲಿಂಕು ತೂಗುತ್ತಲೇ ಇರುತ್ತದೆ, ರಾಡಿಗೆ ಸುದ್ದಿಯೇ ಮುಟ್ಟುವುದಿಲ್ಲ." ಬೆಂಕಿಪೊಟ್ಟಣ ಒಂದನ್ನು ಬ್ಲಾಕು ಮಾಡಿ ಸರಿಸಿ ತೋರಿಸಿದಿರಿ. ಉಗಿಯ ವಾಲ್ವನ್ನು ಆಡಿಸುವ ಈ ವಾಲ್ವ್ ಗೇರು ಬೆಲ್ಜಿಯಂನ ವಾಲ್ಶಾರ್ಟ್ಸ್ 1844ರಲ್ಲಿ ಕಂಡುಹಿಡಿದದ್ದು, ನಿಮ್ಮ ಮೀಟರ್ ಗೇಜಿನ ವೈಪಿ ಎಂಜಿನ್ನುಗಳಿಗೆಲ್ಲ ಇದ್ದದ್ದು. ಅವುಗಳ ಮೇಲಿನ ಟೆಲ್ಕೊ ಫಲಕ ನೆನಪಿದೆಯಲ್ಲ? ಅವು ಜಮ್‌ಶೆಡ್‌ಪುರದಲ್ಲಿ ತಯಾರಾದವು. ಅದೇ ಕಂಪನಿ 2003ರಲ್ಲಿ ಟಾಟಾ ಮೋಟರ್ಸ್ ಆಯಿತು. ಅದರ ಪಿಂಪ್ರಿ ಕಾರ್ಖಾನೆಯ ಗೋಡೆ ಹಿಡಿದೇ ನಾನು ದಿನವೂ ಕೆಲಸಕ್ಕೆ ಹೋಗುತ್ತೇನೆ.

ಹಳಿಗಳು ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾಗಿ ನಿಮ್ಮನ್ನು ಡಬ್ಬಿ ರಿಪೇರಿಗೆ ಹಾಕಿದ ವರ್ಷ ನಾನು ಡಿಪ್ಲೊಮಾದಲ್ಲಿದ್ದೆ. ಊಟಕ್ಕೆ ಕುಳಿತಾಗ ನೀವು ವಾಲ್ವ್ ಗೇರಿನ ಮಾತು ತೆಗೆದಿರಿ. ಅದೆಲ್ಲ ಗುಜರಿಗೆ ಹೋಯಿತಲ್ಲ ಅಪ್ಪ, ಇನ್ನೇಕೆ ಎಂದೆ. ನೀವು ಮಜ್ಜಿಗೆ ಕೇಳಿದಿರಿ.

ಹಾಳೆಯ ಚಿತ್ರ ಈಗ ನೋಡಿ. ಮುಂದಿನ ತೋಳಿನ ಕೀಲಿನ ಪಕ್ಕಕ್ಕೆ ನಿಮ್ಮ ಬಾಳೆಹಣ್ಣನ್ನೇ ಕೂರಿಸಿದ್ದೇನೆ. ಬ್ಲಾಕು ಜಾರುವ ಬಾಗಿದ ತೋಡಿನ ತ್ರಿಜ್ಯ ಕೈಯ ರಾಡಿನ ಉದ್ದಕ್ಕೆ ಸಮ. ಹಾಗಾಗಿ ತೋಳು ನಡುವಿನಲ್ಲಿರುವಾಗ ಬ್ಲಾಕನ್ನು ಎಲ್ಲಿಗೆ ಸರಿಸಿದರೂ ಹಿಡಿಕೆ ಒಂದು ನೂಲೂ ಜರುಗುವುದಿಲ್ಲ. ಆ ಮೂರು ಸೆಂ.ಮೀ. ಕಾಟ ಅಲ್ಲಿಗೆ ಮುಗಿಯಿತು. ಬ್ಲಾಕು ಕೀಲಿನಿಂದ 18 ಸೆಂ.ಮೀ. ಕೆಳಗಿದ್ದಾಗ ಕೈ 40 ಸೆಂ.ಮೀ. ಓಡಾಡುತ್ತದೆ, ಕೀಲಿನ ಮೇಲೆ ಬಂದಾಗ ಸೊನ್ನೆ. ಸೊನ್ನೆಯಲ್ಲಿ ಹಿಡಿಕೆ ಕಟೆಕಟೆಯಂತೆ ಗಟ್ಟಿಯಾಗಿ ನಿಲ್ಲುತ್ತದೆ, ವಯಸ್ಸಾದವರು ಹಿಡಿದುಕೊಳ್ಳಬಹುದು.

ಬುದ್ಧಿ ಉಪಯೋಗಿಸಿ ಕೆಟ್ಟದ್ದೂ ಇದೆ. ಬ್ಲಾಕು ಸರಿಸಲು ನಾಲ್ಕು ಮಿಲಿಮೀಟರ್ ಪಿಚ್ಚಿನ ಸ್ಕ್ರೂ ಹಾಕಿದ್ದೆ. ಈ ತುದಿಯಿಂದ ಆ ತುದಿಗೆ ನಲವತ್ತೈದು ಸುತ್ತು, ಎರಡು ಕೈಗೂ ಸೇರಿ ತೊಂಬತ್ತು! ವೆಲ್ಡಿಂಗ್ ಮಾಡುವ ಕಾಕಾ ತಿರುಗಿಸಿ ತಿರುಗಿಸಿ, ಕೈಯ ವ್ಯಾಯಾಮ ಇಲ್ಲಿಯೇ ಮುಗಿಯಿತು, ಇನ್ನು ಯಂತ್ರ ಹತ್ತುವುದೇಕೆ ಎಂದರು. ಕೊನೆಗೆ ಎಂಜಿನ್ನಿನಂತೆಯೇ ರಾಡನ್ನು ಒಂದು ತೂಗುಪಟ್ಟಿಯಿಂದ ಎತ್ತಿಳಿಸುವ ಹಾಗೆ ಮಾಡಿದೆ. ಎತ್ತುವ ಹಿಡಿ ಚೌಕಟ್ಟಿನ ಮೇಲಿದೆ, ಏಳು ಕಚ್ಚು, ಕಚ್ಚಿಗೆ ಆರೇಳು ಸೆಂ.ಮೀ. ಹೆಜ್ಜೆ ನಿಲ್ಲಿಸದೆ ಬದಲಿಸಬಹುದು. ನೀವು ಡ್ರೈವರುಗಳ ಬಗ್ಗೆ ಹೇಳುತ್ತಿದ್ದಿರಲ್ಲ, ಸ್ಟೇಷನ್ ಬಿಡುವಾಗ ಪೂರ್ತಿ ಗೇರು, ಓಟ ಹಿಡಿದ ಮೇಲೆ ಕಚ್ಚು ಕಚ್ಚಾಗಿ ಹಿಂದಕ್ಕೆ. ಅದೇ.

ಮೊದಲ ದಿನದ ಪರೀಕ್ಷೆಯ ಕಥೆ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಸೊನ್ನೆಯ ಕಚ್ಚಿನಾಚೆ ತಡೆ ಹಾಕುವುದನ್ನು ಮರೆತಿದ್ದೆ. ನಮ್ಮ ಫಿಟರ್ ಹುಡುಗ ಹುಮ್ಮಸ್ಸಿನಲ್ಲಿ ಹತ್ತಿ ಬಲಗಡೆಯ ಹಿಡಿಯನ್ನು ಪೂರ್ತಿ ಎತ್ತಿಬಿಟ್ಟ. ಬ್ಲಾಕು ಕೀಲು ದಾಟಿ ಮೇಲೆ ಹೋಯಿತು. ಬಲಗಾಲಿನ ಜೊತೆಗೆ ಬಲಗೈಯೂ ಮುಂದೆ! ಎಡಗಡೆ ಮಾಮೂಲು. ಅರ್ಧ ಮನುಷ್ಯ, ಅರ್ಧ ಒಂಟೆ. ಮೊದಲ ದಿನದ ಪರೇಡಿನಲ್ಲಿ ಗಲಿಬಿಲಿಯಾದ ಹೋಮ್‌ಗಾರ್ಡಿನಂತೆ ನಾಲ್ಕು ಹೆಜ್ಜೆ ಹಾಕಿ "ಸಾಹೇಬರೇ, ಇಳಿಸಿ" ಎಂದು ಕೂಗಿದ. ಶೆಡ್ಡಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಡಿ ಬ್ಯಾಕ್ ಗೇರಿಗೆ ಬಿತ್ತು ಎಂದು ನನಗೆ ಮಾತ್ರ ಗೊತ್ತಿತ್ತು. ಅಲ್ಲಿ ಇನ್ನೊಬ್ಬರು ಇದ್ದಿದ್ದರೆ ಅವರಿಗೂ ಗೊತ್ತಾಗುತ್ತಿತ್ತು.

ಈಗ ಕೆಲಸದ ಮಾತು, ಇದಕ್ಕೆ ಉತ್ತರ ಬೇಕು. ಲಿಂಕು ತೂಗುವಾಗ ಬ್ಲಾಕು ಇದ್ದಲ್ಲೇ ಇರುವುದಿಲ್ಲ, ತೋಡಿನೊಳಗೆ ತುಸು ಮೇಲೆ ಕೆಳಗೆ ಜಾರುತ್ತದೆ. ತೂಗುಪಟ್ಟಿ ತನ್ನದೇ ಕಮಾನಿನಲ್ಲಿ ಆಡುವುದರಿಂದ ಇದು ತಪ್ಪಿದ್ದಲ್ಲ. ನೈಲಾನ್ ಬ್ಲಾಕು ಹದಿನೈದು ದಿನಕ್ಕೆ ಸವೆದು ಗಡಗಡ ಎಂದಿತು. ಈಗ ಗನ್‌ಮೆಟಲ್ (ಒಂದು ಬಗೆಯ ಕಂಚು) ಬ್ಲಾಕು ಮಾಡಿಸುತ್ತಿದ್ದೇನೆ. ನೀವು ಬ್ಲಾಕಿಗೂ ತೋಡಿಗೂ ನಡುವೆ ಎಷ್ಟು ಸಂದು ಬಿಡುತ್ತಿದ್ದಿರಿ? ಸವೆದಾಗ ಬ್ಲಾಕು ಬದಲಿಸುತ್ತಿದ್ದಿರೋ, ಲಿಂಕನ್ನೇ ಉಜ್ಜಿ ದಪ್ಪ ಬ್ಲಾಕು ಹಾಕುತ್ತಿದ್ದಿರೋ? ಎಣ್ಣೆಯ ತೂತು ಮೇಲಿತ್ತೋ, ಪಕ್ಕಕ್ಕೋ? ಕಬ್ಬಿಣದ ಟ್ರಂಕಿನಲ್ಲಿ, ನಿಮ್ಮ ಖಾಕಿ ಅಂಗಿಯ ಕೆಳಗೆ, ಎಣ್ಣೆ ಕಲೆಯ ಕಿರುಹೊತ್ತಗೆ ಇರಬೇಕು. ಇಲಿ ತಿಂದಿರದಿದ್ದರೆ ಆ ಪುಟಗಳ ಫೋಟೊ ತೆಗೆದು ಕಳಿಸಲು ತಂಗಿಗೆ ಹೇಳಿ. ಹೊತ್ತಗೆಯಲ್ಲಿ ಇಲ್ಲದಿದ್ದರೆ ನಿಮ್ಮ ನೆನಪಿನ ಅಳತೆಯೇ ಸಾಕು. ಇಲ್ಲಿ ಇದನ್ನು ಕೇಳಲು ನನಗೆ ಬೇರೆ ಯಾರೂ ಇಲ್ಲ.

ಅವ್ವ, ನಿನಗೂ ಒಂದು ಕೆಲಸ. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲು. ಬಲಗೈಯನ್ನು ಎದೆಯ ಎತ್ತರದಲ್ಲಿ ಮುಂದೆ ಚಾಚು, ನೋವು ಶುರುವಾಗುವ ಕಡೆ ನಿಲ್ಲಿಸು. ಹಟ ಮಾಡಿ ಇನ್ನೂ ಚಾಚಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ಗೋಡೆಯಿಂದ ಬೆರಳ ಗಿಣ್ಣಿನವರೆಗೆ ಅಪ್ಪ ಟೇಪು ಹಿಡಿದು ಅಳೆಯಲಿ. ಆಮೇಲೆ ಎಡಗೈಯದ್ದನ್ನೂ. ಎರಡೂ ಅಂಕಿ ಬರೆದು ಕಳಿಸಿ. ದಸರೆಗೆ ಬರುವಾಗ ಟೆಂಪೊದಲ್ಲಿ ಒಂದು ಯಂತ್ರ ಹೇರಿಕೊಂಡು ಬರುತ್ತೇನೆ. ಬಲಗಡೆಯ ಕಚ್ಚು ಎಷ್ಟರಲ್ಲಿರಬೇಕೆಂದು ಡಾಕ್ಟರನ್ನು ಕೇಳಿಯೇ ಇಡೋಣ. ಪಡಸಾಲೆಯಲ್ಲಿ ಎರಡು ಮೀಟರ್ ಜಾಗ ಬೇಕು, ಆ ಮುರುಕು ದಿವಾನನ್ನು ಇನ್ನಾದರೂ ಹೊರಗೆ ಹಾಕಿಸಿ.

ಅಜ್ಜಿಗೆ ನಮಸ್ಕಾರ, ತಂಗಿಗೆ ಆಶೀರ್ವಾದ.

ಇಂತಿ ನಿಮ್ಮ ಮಗ

ತಾ.ಕ.: ಅಳತೆ ಇಂಚಿನಲ್ಲಿ ಬರೆದರೂ ನಡೆಯುತ್ತದೆ ಅಪ್ಪ. ಸೂತು ಎಂದು ಮಾತ್ರ ಬರೆಯಬೇಡಿ, ಇಲ್ಲಿಯ ಹುಡುಗರಿಗೆ ತಿಳಿಯುವುದಿಲ್ಲ. ನಾನೇ ಇಂಚಿನ ಎಂಟನೇ ಒಂದು ಎಂದು ಬಿಡಿಸಿ ಹೇಳಬೇಕಾಗುತ್ತದೆ.